ಹುಡುಗಿ ಹೊಡೆದರೆ ಎರಡು

ನಮ್ಮ ಒಹಾಯೊ ಕಾಲೇಜಿನಲ್ಲಿ ಹುಡುಗ-ಹುಡುಗಿಯರು ಕೂಡಿ ಆಡುವ ಒಳಾಂಗಣ ಫುಟ್‌ಬಾಲಿಗೆ ಒಂದು ನಿಯಮವಿದೆ. ಹುಡುಗ ಹೊಡೆದರೆ ಒಂದು ಗೋಲು, ಹುಡುಗಿ ಹೊಡೆದರೆ ಎರಡು. ಪ್ರೋತ್ಸಾಹವಂತೆ. ಈ ಪ್ರೋತ್ಸಾಹಕ್ಕೇ ನನ್ನ ಮೈ ಉರಿಯುತ್ತಿತ್ತು.

ನಮ್ಮ ನಾಯಕ ಕೋಲ್ಬಿ ಸೆಮಿಸ್ಟರ್ ಪೂರ್ತಿ ನನ್ನನ್ನು ಎದುರಾಳಿಯ ಗೋಲಿನ ಮುಂದೆ ನೆಟ್ಟಿದ್ದ. "ಗ್ರೆಟಾ, ನೀನು ಅಲ್ಲಿ ಸುಮ್ನೆ ನಿಂತ್ಕೋ ಸಾಕು. ಕಾಲಿಗೆ ತಾಗಿ ಒಳಗೆ ಹೋದ್ರೂ ಎರಡು." ಆರನೇ ವಯಸ್ಸಿನಿಂದ ಆಡಿದವಳು ನಾನು. ಇಲ್ಲಿ ಬೇಲಿಯ ಗೂಟ.

ಫೈನಲ್‌ನಲ್ಲಿ ಮೂರು-ಎರಡರಿಂದ ಹಿಂದಿದ್ದೆವು. ಗೆದ್ದವರಿಗೆ ಚಾಂಪಿಯನ್ ಟೀ ಶರ್ಟ್. ಅದಕ್ಕಾಗಿ ಕೋಲ್ಬಿ ಪ್ರಾಣ ಬಿಡುತ್ತಿದ್ದ. ಇನ್ನೆರಡು ನಿಮಿಷ ಇರುವಾಗ ನನಗೆ ತಡೆಯಲಾಗಲಿಲ್ಲ. ಹಿಂದಕ್ಕೆ ಓಡಿ ಚೆಂಡು ಕಸಿದೆ, ಇಬ್ಬರನ್ನು ದಾಟಿ ಎಡಗಾಲಲ್ಲಿ ಬಾರಿಸಿದೆ. ಮೇಲಿನ ಮೂಲೆಗೆ ಹೋಗಿ ಬಿತ್ತು. ಅಂಥ ಗೋಲು ನಾನು ಹಿಂದೆಂದೂ ಹೊಡೆದಿರಲಿಲ್ಲ.

ಫಲಕದಲ್ಲಿ ನಾಲ್ಕು-ಮೂರು ಬಂತು.

"ನೋಡ್ರೋ, ಹುಡುಗಿ ಇಟ್ಕೊಂಡ್ರೆ ಎಷ್ಟು ಲಾಭ" ಎಂದ ಕೋಲ್ಬಿ, ಎದುರಾಳಿಗಳಿಗೆ.

"ಅರ್ಧ ಭಿಕ್ಷೆ ಕಣೋ ಅದು" ಎಂದ ಅವರಲ್ಲೊಬ್ಬ. ಇಬ್ಬರೂ ನಕ್ಕರು.

ರೆಫರಿ ನೋಲನ್ ನನ್ನ ಸಹಪಾಠಿ. "ಒಂದೇ ಅಂತ ಬರಿಯೋ" ಎಂದೆ.

"ನಿಯಮ ಕಣೇ. ನನ್ನ ಕೈಲಿಲ್ಲ."

"ನಮ್ಮ ಗೋಲಿಗೆ ನಾನೇ ಹೊಡ್ಕೊಂಡ್ರೆ?"

"ಅದು ಯಾರು ಹೊಡೆದ್ರೂ ಒಂದೇ. ಯಾಕೆ?"

ಆಟ ಮತ್ತೆ ಶುರುವಾಗಿ ಚೆಂಡು ಕಾಲಿಗೆ ಸಿಕ್ಕಿದ್ದೇ ತಡ, ತಿರುಗಿ ನಮ್ಮ ಗೋಲಿನತ್ತಲೇ ನಡೆದೆ. ನಮ್ಮ ಗೋಲ್‌ಕೀಪರ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ಪಕ್ಕದಿಂದಲೇ ಚೆಂಡನ್ನು ಒಳಗೆ ನೂಕಿದೆ. ನಾಲ್ಕು-ನಾಲ್ಕು.

ಕೋಲ್ಬಿ ಓಡಿ ಬಂದ. "ತಲೆ ಕೆಟ್ಟಿದೆಯೇನೇ ನಿಂಗೆ?"

"ಭಿಕ್ಷೆ ವಾಪಸ್ ಕೊಟ್ಟೆ ಅಷ್ಟೆ. ಶರ್ಟ್ ಬೇಕಿದ್ರೆ ಈಗ ಆಡಿ ಗೆಲ್ಲು."

ಹೆಚ್ಚುವರಿ ಸಮಯದಲ್ಲಿ ಅವನು ನನಗೆ ಒಂದು ಪಾಸೂ ಕೊಡಲಿಲ್ಲ. ಒಂಟಿಯಾಗಿ ನುಗ್ಗಿ ನುಗ್ಗಿ ಚೆಂಡು ಕಳೆದುಕೊಂಡ. ಸೋತೆವು.

ಬಾಗಿಲಲ್ಲಿ ಕ್ರೀಡಾ ವಿಭಾಗದವರ ಸಮೀಕ್ಷೆಯ ಹಾಳೆಗಳಿದ್ದವು. ಈ ಆಟಗಳಿಂದ ನಿಮ್ಮ ಕಾಲೇಜು ಜೀವನ ಎಷ್ಟು ತೃಪ್ತಿಕರವಾಗಿದೆ? ಪ್ರತಿ ಸಲ 'ಪರವಾಗಿಲ್ಲ' ಎಂಬುದಕ್ಕೆ ಗುರುತು ಹಾಕಿ ಬರುತ್ತಿದ್ದೆ. ಇವತ್ತು ಸಿಟ್ಟು ಇನ್ನೂ ಇಳಿದಿರಲಿಲ್ಲ. 'ತುಂಬಾ ತೃಪ್ತಿ' ಎಂಬುದಕ್ಕೆ ಹಾಳೆ ಹರಿಯುವಷ್ಟು ಒತ್ತಿ ಗುರುತು ಹಾಕಿದೆ. ಕೆಳಗೆ ಕಾರಣ ಕೇಳಿದ್ದರು.

ಇವತ್ತು ನಾನು ಒಂದು ಗೋಲು ಹೊಡೆದೆ, ಎಂದು ಬರೆದೆ. ಒಂದೇ.