ಬಲೆಗೊಂದು ಕಿಟಕಿ

ಉಗುರಿನ ಸಂದಿಯಲ್ಲಿ ಸಿಮೆಂಟು ಚುರುಗುಟ್ಟುತ್ತಿದೆ, ಎಷ್ಟು ತೊಳೆದರೂ ಹೋಗದು, ಸುಶಾಂತ ಕೈಯನ್ನು ಲುಂಗಿಗೆ ಒರೆಸಿಕೊಂಡು ಹಿತ್ತಲಿನ ಶೆಡ್ಡನ್ನು ನೋಡಿದ, ಬಾಗಿಲೊಂದು ಸರಿಯಾದರೆ ಮುಗಿಯಿತು, ಮುಗಿದರೆ ಸಾಕು, ವಾರವೆಲ್ಲ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಎಳೆದ ತೋಳು ಭಾನುವಾರ ಕಲ್ಲು ಎತ್ತಲಾರೆ ಎನ್ನುತ್ತದೆ, ಎತ್ತಿಸಿದ್ದಾನೆ ಹೇಗೋ, ಒಂದು ಮೂಲೆ ಸೊಟ್ಟ, ಇರಲಿ, ಬಲೆ ಇಡುವುದಕ್ಕೆ ಮೂಲೆ ಸೊಟ್ಟಗಿದ್ದರೇನು — ಬಲೆ ಇಡುವುದಕ್ಕೆ. ಹಾಗೆಂದೇ ಹೆತ್ತವಳು, ಅಬ್ಬಿ, ಕೇಳಿದ್ದು, ತೀರಿಕೊಂಡ ಅಪ್ಪಯ್ಯನ ಬಲೆ ಜಗಲಿಯಲ್ಲಿ ಇಲಿಯ ಪಾಲಾಗುತ್ತಿದೆ, ಹಿತ್ತಲಲ್ಲೊಂದು ಶೆಡ್ಡು ಕಟ್ಟು ಮಗಾ ಎಂದು, ತಾನಾಗಿ ಏನನ್ನೂ ಕೇಳದವಳು, ಅವನಿಗೆ ಖುಷಿಯೇ ಆಗಿತ್ತು, ಹಿಂದಿನ ವಾರ ತಾನು ಆಡಿದ್ದನ್ನು ಮರೆತಳು ಎಂದುಕೊಂಡ. ಏನು ಮಹಾ ಮಾತು, ಅಬ್ಬೀ ಬೆಳಿಗ್ಗೆ ಒಂಚೂರ್ ಮನಿಕಂಬುಕ್ ಆತಿಲ್ಯಾ, ಇನ್ನೊಂದಿಷ್ಟು ಹೊತ್ತು ಮಲಗಿರು ಎಂದದ್ದು, ಅಷ್ಟೆ. ಮೀನಿನ ಗುಲಾಬಿ ಎಂದರೆ ಬೈಂದೂರಿನಲ್ಲಿ ಅವಳನ್ನು ಅರಿಯದ ಮನೆಯಿಲ್ಲ, ಮಂಡಿ ಸವೆದು ಮೀನಿನ ಬುಟ್ಟಿ ಹೊರುವುದು ಬಿಟ್ಟರೂ ಬಂದರಿಗೆ ಹೊರಡುತ್ತಿದ್ದ ನಸುಕಿಗೇ ಎಚ್ಚರ, ಹೊಸ ಮನೆಯಲ್ಲಿರುವುದು ಒಂದೇ ಕೋಣೆ, ಅವಳು ಮಲಗುವುದು ಚಾವಡಿಯಲ್ಲಿ, ಎದ್ದು ದೀಪ ಹಾಕಿ ಪಾತ್ರೆಯ ಸದ್ದು, ಮಗು ಏಳುತ್ತದೆ, ಮಗು ಎದ್ದರೆ ಶ್ರಾವ್ಯ ಏಳುತ್ತಾಳೆ, ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಬಾಗಿಲು ಮುಚ್ಚುತ್ತಾಳೆ, ಆ ಬಾಗಿಲ ಸದ್ದೇ — ಶೆಡ್ಡು ಎಷ್ಟುದ್ದ ಬೇಕು ಎಂದರೆ ಅಬ್ಬಿ ಎರಡು ಮಾರು ಎಂದಿದ್ದಳು, ಟೇಪು ಹಿಡಿಯುವ ಜನವಲ್ಲ, ಹಗ್ಗವಾಗಲಿ ಬಲೆಯಾಗಲಿ ಎರಡೂ ತೋಳು ಚಾಚಿ ಅಳೆಯುವುದು, ಅವನು ತನ್ನ ತೋಳು ಚಾಚಿ ಪಾಯ ತೋಡಿದ, ಗೋಡೆ ಏಳುವಾಗ ಬಂದು ನಿಂತು ನಕ್ಕಳು, ನನ್ ಮಾರ್ ಹೇಳಿರೆ ನೀ ನಿನ್ ಅಪ್ಪಯ್ಯನ್ ಮಾರ್ ಹಾಕಿದ್ಯಲೆ, ಆಯ್ಲಿ, ಕಾಲ್ ನೀಡುಕೆ ಜಾಗ ಆಯ್ತ್. ಕಾಲು. ಬಲೆಗೆ ಎಲ್ಲಿಯ ಕಾಲು, ಎತ್ತಿದ ಕಲ್ಲು ಕೈಯಲ್ಲೇ ಉಳಿಯಿತು, ಇಲ್ಲಿ ಬಂದು ಮಲಗುವವಳು ಅವಳು ಎಂದು ಆಗಲೇ ಗೊತ್ತಾಯಿತು, ಗೊತ್ತಾದ ಮೇಲೂ ಕಲ್ಲು ಇಟ್ಟ, ಅದರ ಮೇಲೆ ಇನ್ನೊಂದು. ಹೊಸ ಮನೆ ಕಟ್ಟಿ ತಾಯಿಯನ್ನು ಹಿತ್ತಲಿಗೆ ಹಾಕಿದ ಎನ್ನುತ್ತದೆ ಊರು, ಅನ್ನಲಿ, ಅಲ್ಲ, ಅನ್ನಬಾರದು, ಆಮೇಲೆ ಕಿಟಕಿ ಬೇಕೆಂದಳು, ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದಂತೆ, ನೆಲಕ್ಕೆ ಸಿಮೆಂಟು ಬೇಕಂತೆ, ಎಲ್ಲ ಬಲೆಗೇ, ಬೇಲಿಯಾಚೆಯಿಂದ ಪಕ್ಕದ ಮನೆಯ ಕುಷ್ಟ, ಹ್ವಾಯ್ ಸುಶಾಂತಾ, ಬಲೆಗೆ ಎಂತಕೆ ಕಿಟ್ಕಿ, ಕಡ್ಲ್ ಕಾಂಬುಕಾ, ಒಂದ್ ಫ್ಯಾನೂ ಹಾಕ್ ಮಾರಾಯಾ, ಬಲೆ ಬೆವರತ್ತ್ — ನಕ್ಕಿದ್ದ ಅವನೂ, ನಗದೆ ಏನು ಮಾಡುವುದು, ಬೇಡ ಎಂದು ಒಂದು ಮಾತು, ಹೇಳಬೇಕಾದವನು ತಾನೇ, ಹೇಳಿದರೆ ಮನೆಯಲ್ಲೇ ನಿಲ್ಲುತ್ತಾಳೆ, ನಿಂತರೆ ನಾಳೆ ಮತ್ತೆ ದೀಪ, ಪಾತ್ರೆ, ಮಗುವಿನ ಅಳು, ಬರುವ ಭಾನುವಾರ ಹೇಳಿದರಾಯಿತು, ಬಂದ ಭಾನುವಾರಗಳಲ್ಲಿ ಶೀಟು ಹೊದೆಸಿದ್ದಾಯಿತು, ಬಾಗಿಲು ನಿಲ್ಲಿಸಿದ್ದಾಯಿತು.

ಈಗ ಅವಳೇ ಬರುತ್ತಿದ್ದಾಳೆ, ಮಂಡಿಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಹಳೆ ಮನೆಯ ಬಾಗಿಲಿನ ಚಿಲಕ, ತುಕ್ಕು ಉಜ್ಜಿ ಎಣ್ಣೆ ಹಚ್ಚಿದ್ದಾಳೆ, ಹೊರಗೆ ಒಂದಿದೆಯಲ್ಲ ಎಂದ, ಒಳಗ್ ಹಾಕ್ ಎಂದಳು. ಒಳಗೆ. ಹಲಗೆಯ ಮೇಲೆ ತನ್ನ ಎದೆಮಟ್ಟಕ್ಕೆ ಬೆರಳಿಟ್ಟು ತೋರಿಸಿದಳು, ಅಬ್ಬೀ ಇಲ್ಲ್ ಮನಿಕಂಬುದ್ ಯಾರ್ ಎಂದ, ಬಲೆ ಎಂದಳು, ಅವನ ಮುಖ ನೋಡಲಿಲ್ಲ. ಹೇಳುವುದಿದ್ದರೆ ಈಗ, ಬೇಡ, ಮನೆಯಲ್ಲೇ ಇರು, ನಮ್ಮ ನಿದ್ದೆ ಹೋದರೆ ಹೋಯಿತು — ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದಾನೆ, ಒಂದೊಂದೇ ತೆಗೆದು ತಿರುಗಿಸುತ್ತಾನೆ, ಮಣಿಕಟ್ಟು ನೋಯುತ್ತದೆ, ಕೊನೆಯದೂ ಕೂತಿತು, ಬಾಯಿ ಖಾಲಿ, ನಾಲಿಗೆಯ ಮೇಲೆ ಕಬ್ಬಿಣದ ಒಗರು. ಸಮ ಬೀಳತ್ತಾ ಕಾಂಬ, ನೀ ಹೊರಗ್ ನಿಲ್ಲ್ ಎಂದು ಅವಳು ಒಳಹೋಗಿ ಬಾಗಿಲು ಎಳೆದುಕೊಂಡಳು, ಕಬ್ಬಿಣ ಉಜ್ಜಿ ಸರಿದು ಟಕ್ಕೆಂದು ಕೂತಿತು, ತೆಗೆಯುವ ಸದ್ದಿಗೆ ಕಾದ, ಬರಲಿಲ್ಲ, ಅಬ್ಬೀ ಎನ್ನಬೇಕು, ಎನ್ನುತ್ತೇನೆ, ಬಾಗಿಲಿನ ಸಂದಿಗೆ ಕಣ್ಣಿಟ್ಟ, ಕಿಟಕಿಯ ಬೆಳಕು ನೆಲದ ಮೇಲೆ, ಬೆಳಕಿಗೆ ಅಡ್ಡವಾಗಿ ಚಿಲಕದ ಆ ಸರಳು, ಎಣ್ಣೆ ಮಿಂಚುವ ಸರಳು, ಬೆರಳಷ್ಟೇ ದಪ್ಪ, ಅಡ್ಡವಾಗಿ, ಆ ಸರಳು