ಹೆಗಡೇರು ಬಿಗಿದ ನಟ್ಟು

"ಅಪ್ಪಯ್ಯ, ಇನ್ನೊಂದ್ ಸುತ್ತು," ಎಂದ ತುಷಾರ.

ಗುಂಡಿಯೊಳಗೆ ಇಳಿದು ಕಾರಿನ ಹೊಟ್ಟೆಯ ಕೆಳಗೆ ನಿಂತಿದ್ದ ಗಣಪ ಹೆಗಡೆಯವರು ಉಸಿರು ಕಟ್ಟಿ ಸ್ಪ್ಯಾನರ್ ಎಳೆದರು. ಬಲಗೈ ಎರಡು ವರ್ಷದ ಹಿಂದೆ ಲಕ್ವ ಹೊಡೆದದ್ದು. ಅದರ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಒಂದು ಕೈ ಇನ್ನೊಂದಕ್ಕೆ ಕೆಲಸ ಕಲಿಸುವಂತೆ ಎಳೆಯುತ್ತಿದ್ದರು. ಸ್ಪ್ಯಾನರ್ ಕಾಲು ಸುತ್ತು ಬಂದು ನಿಂತಿತು.

"ಸಾಕನ ಕೆರಿಯಪ್ಪ?"

ಗುಂಡಿಯಲ್ಲೇ ಪಕ್ಕ ನಿಂತಿದ್ದ ಮೆಕ್ಯಾನಿಕ್ ಕೆರಿಯಪ್ಪ ಕತ್ತೆತ್ತಿ ನೋಡಿದ. ನಟ್ಟಿನ ಅಡಿಯ ಸ್ಪ್ರಿಂಗ್ ವಾಷರ್ ಇನ್ನೂ ಬಾಯಿ ಬಿಟ್ಟುಕೊಂಡಿತ್ತು. ಪೂರ್ತಿ ಬಿಗಿಯಾದರೆ ಅದು ಬಾಯಿ ಮುಚ್ಚಿ ಚಪ್ಪಟೆಯಾಗಬೇಕು.

"ಸಾಕ್ರಾ," ಎಂದ. "ಇನ್ನೂ ಎಳೆದ್ರೆ ನಟ್ಟೇ ಅಳ್ತದೆ."

ಹೆಗಡೆಯವರು ನಕ್ಕರು. ತುಷಾರನೂ ನಕ್ಕ. ಅಪ್ಪ ಮಗ ಒಟ್ಟಿಗೆ ನಕ್ಕದ್ದನ್ನು ಕೆರಿಯಪ್ಪ ಒಂದು ವರ್ಷದಿಂದ ಕಂಡಿರಲಿಲ್ಲ.

ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಬದಿಗಿದ್ದ ಅವನ ಗ್ಯಾರೇಜಿನಲ್ಲಿ ಕಡೆಯ ನಟ್ಟು ಯಾವತ್ತೂ ಯಜಮಾನನದು. ಸಿದ್ದಾಪುರದಲ್ಲಿ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯಿಂದ ಬಂದ ಪದ್ಧತಿ ಅದು. ಪಂಪ್‌ಸೆಟ್ ಇರಲಿ, ಜೀಪಿನ ಇಂಜಿನ್ ಇರಲಿ, ಎಲ್ಲ ಬಿಗಿದು ಒಂದೇ ಒಂದು ನಟ್ಟನ್ನು ಬಿಡಬೇಕು. ಯಜಮಾನ ಬಂದು ಕಾಯಿ ಒಡೆದು ತನ್ನ ಕೈಯಾರೆ ಅದನ್ನು ತಿರುಗಿಸಬೇಕು. ಆಮೇಲೆ ಮೆಕ್ಯಾನಿಕ್ ಅದರ ಮೇಲೆ ಸ್ಪ್ಯಾನರ್ ಇಡುವಂತಿಲ್ಲ. ಇಟ್ಟರೆ ಯಜಮಾನನ ಕೈಯಲ್ಲಿ ಬಲವಿಲ್ಲ ಎಂದು ಅವನ ಮುಖಕ್ಕೇ ಹೇಳಿದ ಹಾಗೆ.

ಈ ಕಾರಿನ ಯಜಮಾನ ತುಷಾರ. ಹಳೇ ಫಿಯಟ್ಟಿಗೆ ದುಪ್ಪಟ್ಟು ಬಲದ ಇಂಜಿನ್ ಕೂರಿಸಿ, ಬಯಲುಸೀಮೆಯ ಪಾಳುಬಿದ್ದ ವಿಮಾನಪಟ್ಟಿಯಲ್ಲಿ ನಡೆಯುವ ಡ್ರ್ಯಾಗ್ ರೇಸಿಗೆ ಹೊರಟಿದ್ದ. ನಾನೂರು ಮೀಟರ್, ನೇರ ದಾರಿ, ಹದಿನೈದು ಸೆಕೆಂಡು. ಇಪ್ಪತ್ತೆರಡು ವರ್ಷ ಯಲ್ಲಾಪುರದಿಂದ ಮಾಗೋಡಿಗೆ ಜೀಪು ಓಡಿಸಿದ್ದ ಹೆಗಡೆಯವರಿಗೆ ಇದು ತಲೆಗೇ ಹತ್ತಲಿಲ್ಲ. "ಊರು ಮುಟ್ಟದ ಗಾಡಿ ಎಂತಾ ಗಾಡಿ?" ಎಂದು ಒಂದು ದಿನ ಕೂಗಾಡಿದವರು ಮಾತು ಬಿಟ್ಟರು. ಮಗನೂ ಬಿಟ್ಟ. ನಡುವೆ ಹೆಗಡೆಯವರ ಹೆಂಡತಿ ಸೀತಾ, ಇಬ್ಬರ ಮಾತನ್ನೂ ಹೊತ್ತು ಓಡಾಡುತ್ತಿದ್ದರು. "ಅವಂಗೆ ಹೇಳು, ಊಟಕ್ಕೆ ಬಪ್ಪಲೆ," "ಅಪ್ಪಯ್ಯಂಗೆ ಹೇಳು, ಹಸಿವಿಲ್ಲೆ." ಹೀಗೆ.

ನಟ್ಟು ಬಿಗಿದ ಆ ಶುಕ್ರವಾರ ಹೆಗಡೆಯವರು ಯಾರೂ ಕರೆಯದೆ ಬಸ್ಸು ಹತ್ತಿ ಬಂದಿದ್ದರು. ತುಷಾರ ಕಡೆಯ ನಟ್ಟಿಗೆಂದು ಹಿಡಿದಿದ್ದ ಸ್ಪ್ಯಾನರನ್ನು ಅಪ್ಪನ ಕಡೆ ಚಾಚಿದ್ದ.

ನಾಲ್ಕು ನಟ್ಟುಗಳು ಗೇರ್ ಬಾಕ್ಸಿನ ಹಿಂಭಾಗವನ್ನು ಕೆಳಗಿನ ಅಡ್ಡಪಟ್ಟಿಗೆ ಕಚ್ಚಿ ಹಿಡಿಯಬೇಕಿತ್ತು. ಮೂರನ್ನು ಕೆರಿಯಪ್ಪ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಪಟ್ಟಿ ಕಿರುಗುಟ್ಟುವವರೆಗೆ ಎಳೆದಿದ್ದ. ನಾಲ್ಕನೆಯದನ್ನು, ಹಿಂದಿನ ಎಡಗಡೆಯದನ್ನು, ಹೆಗಡೆಯವರು ಹೋದ ಮೇಲೆ ಒಂದು ಎಳೆ ಎಳೆದರಾಯಿತು ಎಂದುಕೊಂಡ. ಮೇಸ್ತ್ರಿ ಸತ್ತು ಹತ್ತು ವರ್ಷವಾಗಿತ್ತು, ಯಾರಿಗೆ ಗೊತ್ತಾಗಬೇಕು.

ಹೆಗಡೆಯವರು ಹೋಗಲಿಲ್ಲ. ಕಾಯಿಚೂರು ಬೆಲ್ಲ ತಿಂದರು. ಕಾರಿನ ಸುತ್ತ ಮೂರು ಸಲ ಬಂದರು. ಕಾರನ್ನು ಲಾರಿಗೆ ಹತ್ತಿಸುವಾಗ "ಆನೂ ಬತ್ತೆ" ಎಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ವಿಮಾನಪಟ್ಟಿಯಲ್ಲೂ ಅದೇ ಕಥೆ. ಕಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ ಹೇಳುತ್ತಿದ್ದರು: "ಕಡೇ ನಟ್ಟು ನಂದೇ."

ಕೆರಿಯಪ್ಪ ಒಮ್ಮೆ ಸ್ಪ್ಯಾನರ್ ಹಿಡಿದು ಕಾರಿನಡಿಗೆ ಬಗ್ಗಿದ.

"ಎಂತದಾ?" ಎಂದರು ಹೆಗಡೆಯವರು.

"ಎಂತಿಲ್ರಾ. ಆಯಿಲ್ ಸೋರ್ತದಾ ನೋಡ್ದೆ."

ಮೂರು ಗಟ್ಟಿಯಿವೆ, ಸಾಕು ಎಂದು ತನಗೇ ಹೇಳಿಕೊಂಡ. ಇಷ್ಟು ವರ್ಷದಲ್ಲಿ ಯಜಮಾನರು ಬಿಗಿದ ನಟ್ಟು ಬಿಚ್ಚಿಕೊಂಡು ಒಂದು ಪಂಪ್‌ಸೆಟ್ಟೂ ಕೆಟ್ಟಿರಲಿಲ್ಲ. ಆದರೆ ಪಂಪ್‌ಸೆಟ್ಟು ನಿಂತಲ್ಲೇ ನಡುಗುತ್ತದೆ, ಹಾರುವುದಿಲ್ಲ.

ಹಸಿರು ದೀಪ ಹತ್ತಿತು. ಕಾರು ಮೂಗೆತ್ತಿ ಹಾರಿತು. ಎರಡನೇ ಗೇರಿಗೆ ಬೀಳುವಾಗ ಕಬ್ಬಿಣ ಸೀಳಿದ ಸದ್ದು. ಸಡಿಲ ಮೂಲೆಯಿಂದ ಗೇರ್ ಬಾಕ್ಸಿನ ಹಿಂಭಾಗ ಎದ್ದು, ಉಳಿದ ಮೂರು ಬೋಲ್ಟುಗಳನ್ನೂ ಕಿತ್ತುಕೊಂಡು, ಚಕ್ರಕ್ಕೆ ಹೋಗುವ ಶಾಫ್ಟು ತುಂಡಾಗಿ ಕಾರಿನ ನೆಲದ ತಗಡನ್ನು ಕೆಳಗಿನಿಂದ ಬಡಿಯತೊಡಗಿತು. ಕಾರು ಅಡ್ಡ ತಿರುಗಿ ಮರಳು ಚೀಲಗಳಿಗೆ ಒರಗಿ ನಿಂತಾಗ ತುಷಾರನ ಎಡಪಾದ ಪಾದದ ಆಕಾರದಲ್ಲಿ ಇರಲಿಲ್ಲ.

ಮೂರನೇ ದಿನ ಮಧ್ಯಾಹ್ನ, ಆಸ್ಪತ್ರೆಯಲ್ಲಿ, ತುಷಾರ ಕೇಳಿದ: "ಯಾವ ನಟ್ಟು ಕೆರಿಯಪ್ಪಣ್ಣ?"

ಮಂಚದ ಆಚೆ ಹೆಗಡೆಯವರು ಕೂತಿದ್ದರು. ಎಡಗೈ ಬಲಗೈಯನ್ನು ಮಡಿಲಲ್ಲಿ ಮುಚ್ಚಿ ಹಿಡಿದಿತ್ತು. ಅವರು ತಲೆ ಎತ್ತಲಿಲ್ಲ.

"ಮುಂದಿನ ಬಲಗಡೇದು," ಎಂದ ಕೆರಿಯಪ್ಪ. "ನಂದೇ. ಎಳೀಲಿಕ್ಕೆ ಮರ್ತೆ."

"ಮರ್ತ್ಯಾ," ಎಂದ ತುಷಾರ. ಮತ್ತೆ ಗೋಡೆಯ ಕಡೆ ಹೊರಳಿದ. ಅವನು ಕೆರಿಯಪ್ಪನೊಡನೆ ಆಡಿದ ಕಡೆಯ ಮಾತು ಅದು. ಅಪ್ಪ ಎದ್ದು ಹೊದಿಕೆ ಸರಿಮಾಡಿದಾಗ ಮಾತ್ರ ಅವರ ತೋಳು ಹಿಡಿದುಕೊಂಡ.

ಮಳೆಗಾಲ ಕಳೆದ ಮೇಲೆ ಹೆಗಡೆಯವರು ಗ್ಯಾರೇಜಿಗೆ ಬಂದರು. ಬೆಂಚಿನ ತುದಿಗೆ ಕೂತರು. ತುಷಾರ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ ಎಂದರು. ದಿನಾ ಬೆಳಿಗ್ಗೆ ಕಾಲಿಗೆ ಎಣ್ಣೆ ತಿಕ್ಕುವುದು ತಾನೇ ಎಂದರು.

"ಮಾತಾಡ್ತಾರಾ?"

"ಮಾತಾಡ್ತ. ಈಗ ಜೀಪಿನ ಕಥೆ ಎಲ್ಲ ಕೇಳ್ತ." ಕೆರಿಯಪ್ಪನ ಕಡೆ ತಿರುಗಿದರು. "ಸಡಿಲ ಇದ್ದದ್ದು ನಾ ಬಿಗಿದ ನಟ್ಟೇ ಅಂತ ಅವನಿಗೆ ಹೇಳಿಬಿಡ್ತೆ ನಾನು, ಕೆರಿಯಪ್ಪ. ನಿನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತ ಅವ."

"ಬ್ಯಾಡ್ರಾ."

"ಅಲ್ಲ, ನಿಂಗೆ ಅವತ್ತೇ ಗೊತ್ತಿತ್ತು. ಹೌದನ?"

ಕೆರಿಯಪ್ಪ ಕೈಗಂಟಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದ. ಒರೆಸುವಂಥದ್ದೇನೂ ಉಳಿಯದ ಮೇಲೂ ಒರೆಸಿದ.

"ನೀವು ಆಚೆ ಹೋಗ್ಲಿ ಅಂತ ಕಾಯ್ತಾ ಇದ್ದೆ ಹೆಗಡೇರೆ. ಒಂದು ನಿಮಿಷದ ಕೆಲ್ಸ. ನೀವು ಹೋಗ್ಲೇ ಇಲ್ಲ."

"ಒಂದು ವರ್ಷದ ಮೇಲೆ ಮಾತಾಡ್ಸಿದ್ದ ಮಾರಾಯ," ಎಂದರು ಹೆಗಡೆಯವರು. "ಅವನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸೇ ಬರಲಿಲ್ಲ."

ಹೊರಗೆ ಯಲ್ಲಾಪುರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, ಗುರುತಿನವರೆಂದು, "ಹೆಗಡೇರೆ, ಬರ್ತ್ರಾ?" ಎಂದು ಕೂಗಿದ. ಹೆಗಡೆಯವರು ಎದ್ದವರು ಮತ್ತೆ ಕೂತರು. ಕೆರಿಯಪ್ಪ ಬೆಂಚಿನ ಇನ್ನೊಂದು ತುದಿಗೆ ಬಂದು ಕೂತ. ಬಸ್ಸು ಹೋಯಿತು. ಅದು ಎಬ್ಬಿಸಿದ ಕೆಂಪು ಧೂಳು ಇಳಿಯುವವರೆಗೂ ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು.