ಸಾವ್ಕಳ ವ್ಲಾಖ್ ಬಳಗ

ದಿನಾರ ಬೆಟ್ಟದ ಬುಡದ ಸುಹೊದೊಲ್ ಊರಿನಲ್ಲಿ ವ್ಲಾಖರು ಒಬ್ಬರೂ ಇರಲಿಲ್ಲ. ವ್ಲಾಖರೇನಿದ್ದರೂ ಗುಡ್ಡದಾಚೆಯವರು. ಗುಡ್ಡದಾಚೆ ಹೋಗಿ ಕೇಳಿದರೆ ಅವರು ಸುಹೊದೊಲ್ ಕಡೆಗೆ ಕೈ ತೋರಿಸುತ್ತಿದ್ದರು. ಕರಾವಳಿಯ ಪೇಟೆಯವರು ಎರಡೂ ಊರಿನವರನ್ನು ಮೊರ್ಲಾಕರೆಂದು ಕರೆದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಿಂದೊಂದು ಕಾಲದಲ್ಲಿ ವ್ಲಾಖರೆಂದರೆ ಇಲ್ಲಿ ಕುರಿ ಕಾಯುವ ಜನ, ಅವರಿಗೆ ಬೇರೆಯದೇ ಮಾತಿತ್ತಂತೆ. ಸ್ಲಾವರಿಂದ ಹೆಣ್ಣು ತಂದು, ಸ್ಲಾವರಿಗೆ ಹೆಣ್ಣು ಕೊಟ್ಟು, ಅದು ನೀರಿಗೆ ಬಿದ್ದ ಉಪ್ಪಿನ ಹಾಗೆ ಕರಗಿಹೋಗಿತ್ತು. ಉಳಿದದ್ದು ಹೆಸರೊಂದೇ, ಅದೂ ಬೈಗುಳವಾಗಿ.

ವಿಧವೆ ಸಾವ್ಕಳಿಗೆ ಇದೆಲ್ಲದರ ಗೊಡವೆ ಇರಲಿಲ್ಲ. ಅವಳಿಗಿದ್ದದ್ದು ಮಗಳು ಯೆಲಳ ಮದುವೆಯ ಚಿಂತೆ. ಊರ ಮುಖಂಡ ರಾದೊವಾನನ ಒಬ್ಬನೇ ಮಗ ಇಲಿಯನ ಜೊತೆ ಸಂಬಂಧ ಕುದುರಿ, ಹುಡುಗಿಯ ಕೈಗೆ ಸೇಬು ಕೊಟ್ಟು ನಿಶ್ಚಯದ ಶಾಸ್ತ್ರವೂ ಮುಗಿದಿತ್ತು. ಬೇಸಿಗೆಯ ಮೇವು ಮುಗಿಸಿ ಕುರಿಗಳು ಬೆಟ್ಟದಿಂದ ಇಳಿದ ಮೇಲೆ ಮದುವೆ. ಯೆಲ ಆಗಲೇ ಅತ್ತೆಮನೆಯವರಿಗೆಲ್ಲ ಉಣ್ಣೆಯ ಕಾಲುಚೀಲ ಹೆಣೆಯಲು ಕೂತಿದ್ದಳು.

ಆ ವಸಂತದಲ್ಲಿ ಕರಾವಳಿಯಿಂದ ಒಬ್ಬ ಅಧಿಕಾರಿ ಹೇಸರಗತ್ತೆ ಏರಿ ಬಂದ. ಯಾವುದೋ ಹಳೆಯ ರಾಜನ ಅಪ್ಪಣೆಯಂತೆ ಬೆಟ್ಟದ ಹುಲ್ಲು ವ್ಲಾಖರಿಗೆ ಮಾತ್ರ ಸೇರಬೇಕಾದದ್ದು, ಇಲ್ಲಿ ವ್ಲಾಖರು ಯಾರಿದ್ದೀರಿ ಎಂದು ಕೇಳಿದ. ಅವನ ಮಾತು ಪೂರ್ತಿ ಕೇಳಿಸಿಕೊಳ್ಳದೆ ರಾದೊವಾನ್ ಎದೆಯುಬ್ಬಿಸಿ, ನಮ್ಮ ವಂಶದಲ್ಲಿ ಏಳು ತಲೆಮಾರಿನಿಂದ ವ್ಲಾಖನ ನೆರಳೂ ಬಿದ್ದಿಲ್ಲ ಎಂದುಬಿಟ್ಟ. ಉಳಿದವರೂ ಹೌದು ಹೌದು ಎಂದರು. ಹಾಗಾದರೆ ನಿಮ್ಮ ಕುರಿಗಳು ಕೆಳಗೇ ಇರಲಿ ಎಂದ ಅಧಿಕಾರಿ. ಬೇಸಿಗೆಯಲ್ಲಿ ಕೆಳಗೆ ಸಿಗುವುದು ಬರೀ ಕಲ್ಲು. ಆಡಿದ ಮಾತನ್ನು ನುಂಗಲಾರದೆ ಎಲ್ಲರೂ ನೆಲ ನೋಡಿದರು.

ಅದೇ ಹೊತ್ತಿಗೆ ಸಾವ್ಕ ದೊಡ್ಡಿಯಿಂದ ಮರಿಗಳನ್ನು ಜೋಡಿಜೋಡಿಯಾಗಿ ಹೊರಗೆ ಬಿಡುತ್ತ, "ದೋ, ಪಾತೊ, ಶಾಸ್ತೊ" ಎಂದು ಎಣಿಸುತ್ತಿದ್ದಳು. ಎರಡು, ನಾಲ್ಕು, ಆರು ಎಂದರ್ಥ; ಊರವರೆಲ್ಲ ಕುರಿ ಎಣಿಸುವುದೇ ಹಾಗೆ. ಆ ದಿನ ಮಾತ್ರ ಉಳಿದವರ ಬಾಯಿಗೆ ಬೀಗ ಬಿದ್ದಿತ್ತು. ಅಧಿಕಾರಿ ಕಿವಿ ನಿಮಿರಿಸಿದ. ಇದು ವ್ಲಾಖರ ಎಣಿಕೆಯಲ್ಲವೇ, ನೀನು ವ್ಲಾಖಳೇ ಎಂದು ಕೇಳಿದ.

"ಹೌದು ಅಂದ್ರೆ ಕುರಿ ಮೇಲಕ್ಕೆ ಹೋಗ್ಬಹುದಾ?"

"ನೀನೂ ಹೋಗಬಹುದು, ನಿನ್ನ ಬಳಗವೂ ಹೋಗಬಹುದು."

"ಹಾಗಾದ್ರೆ ನಾನು ಅದೇ ಸ್ವಾಮಿ," ಎಂದಳು ಸಾವ್ಕ.

ಮರುದಿನ ಅವಳ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಗರ್ಜಿಯಲ್ಲಿ ಮೇಣದಬತ್ತಿ ಹಿಡಿದು ಆಣೆ ಮಾಡಿದರೆ ಪರಕೀಯರೂ ಒಡಹುಟ್ಟಿದವರಾಗುವುದು ಆ ಜನರ ಪದ್ಧತಿ. ಗಡಿಕಲ್ಲಿಗಾಗಿ ಮಾತು ಬಿಟ್ಟಿದ್ದ ಪಕ್ಕದ ಮನೆಯವನು ಸಾವ್ಕಳ ಅಣ್ಣನಾದ. ಗುಡ್ಡದಾಚೆಯವರೂ ಬಂದು ತಮ್ಮಂದಿರಾದರು. ಅವಳ ಅತ್ತೆಗೆ ಇನ್ನೊಬ್ಬ ಮಗನ ಮನೆಯಲ್ಲಿ ಬೇರೆ ಕುರಿಗಳಿದ್ದವು. ಆಕೆಯೂ ಬಂದು ಕೆಮ್ಮುತ್ತಲೇ ತಂಗಿಯಾದಳು. ಪಾದ್ರಿಯ ಬಳಿ ಬತ್ತಿಗಳು ಮುಗಿದು, ಉರಿದ ತುಂಡುಗಳನ್ನೇ ಮತ್ತೆ ಹಚ್ಚಬೇಕಾಯಿತು.

ಕೊನೆಗೆ ಕೆಂಪು ಟೊಪ್ಪಿಯನ್ನು ಕೈಯಲ್ಲಿ ಹಿಡಿದು ರಾದೊವಾನ್ ತಾನೂ ಆಣೆ ಮಾಡಲು ಇಗರ್ಜಿಗೆ ಬಂದ. ಪಾದ್ರಿ ಅಲ್ಲೇ ತಡೆದರು. ನೀವಿಬ್ಬರೂ ಅಣ್ಣ ತಂಗಿಯಾದರೆ ಇಗರ್ಜಿಯ ಕಟ್ಟಳೆಯಲ್ಲಿ ನಿಮ್ಮ ಮಕ್ಕಳೂ ಅಣ್ಣ ತಂಗಿಯೇ, ಸೋದರಿಕೆಯ ಮದುವೆ ನಮ್ಮಲ್ಲಿಲ್ಲ. ಮತ್ತೆ ಮದುವೆಯ ಮಾತೆತ್ತಬೇಡಿ ಎಂದರು.

ರಾದೊವಾನ್ ಸಾವ್ಕಳತ್ತ ತಿರುಗಿದ. "ಮದುವೆ ಬಿಟ್ಬಿಡೋಣಮ್ಮ," ಎಂದ. "ಕುರಿ ಸತ್ತೋದ್ರೆ ಬಂದ ಸೊಸೆಗೆ ಏನ್ ಹಾಕ್ಲಿ?"

ಸಾವ್ಕ ಮಗಳತ್ತ ನೋಡಿದಳು. ಯೆಲ ಕಂಬಕ್ಕೆ ಒರಗಿ, ಇಡೀ ಚಳಿಗಾಲ ಹೆಣೆದಿದ್ದ ಕಾಲುಚೀಲಗಳಲ್ಲಿ ಒಂದನ್ನು ಎಳೆಎಳೆಯಾಗಿ ಬಿಚ್ಚತೊಡಗಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ತಾಯಿಗೆ.

"ಆಣೆ ಬೇಡ ಬೀಗರೆ," ಎಂದಳು ಸಾವ್ಕ. "ನಿಮ್ಮ ಹುಡುಗನ್ನ ನಮ್ಮನೆಗೆ ಕೊಡಿ. ಕುರಿ ಅವನ ಜೊತೆಗೇ ಬರ್ಲಿ. ನನ್ನ ಅಳಿಯ ನನ್ನ ಬಳಗ ಅಲ್ವಾ?"

ಗುಂಪಿನಲ್ಲಿ ಯಾರೋ ನಕ್ಕರು. ಆ ಸೀಮೆಯಲ್ಲಿ ಮನೆಅಳಿಯನಾಗುವುದಕ್ಕಿಂತ ಬಾವಿಗೆ ಬೀಳುವುದು ಮೇಲು ಎನ್ನುತ್ತಿದ್ದರು. ರಾದೊವಾನನ ಮುಖ ಟೊಪ್ಪಿಯ ಬಣ್ಣಕ್ಕೆ ತಿರುಗಿತು.

"ಮನೆಅಳಿಯ. ಅದೂ ವ್ಲಾಖರ ಮನೆಗೆ. ನನ್ನ ಮರ್ಯಾದೆಯನ್ನ ಎಲ್ಲಿಡ್ಲಿ?"

"ಇಲ್ಲೇ ಬಿಟ್ಟೋಗಿ. ಕುರಿ ಜೊತೆ ಅದನ್ನೂ ಬೆಟ್ಟಕ್ಕೆ ಹೊಡ್ಕೊಂಡು ಹೋಗ್ತೀನಿ."

ಅಪ್ಪನ ಜೊತೆ ಬಂದಿದ್ದ ಇಲಿಯ ಆಗಲೇ ಯೆಲಳ ಪಕ್ಕ ಹೋಗಿ, ಬಿಚ್ಚಿದ ಉಣ್ಣೆಯನ್ನು ಉಂಡೆ ಸುತ್ತುತ್ತಿದ್ದ.

ಕುರಿ ಹೊರಡುವ ಮೊದಲೇ ಮದುವೆಯಾಯಿತು. ಮದುಮಗ ತನ್ನ ಬಟ್ಟೆಯ ಪೆಟ್ಟಿಗೆಯೊಂದಿಗೆ ಹೆಣ್ಣಿನ ಮನೆಗೆ ಬಂದ. ಹೆಂಗಸರಿಗೆ ಇಂಥದ್ದಕ್ಕೆ ಯಾವ ಹಾಡೂ ಗೊತ್ತಿರಲಿಲ್ಲ. ಹೆಣ್ಣು ಕಳಿಸುವ ಹಾಡನ್ನೇ ಹಾಡಿ ಇಲಿಯನನ್ನು ಮನೆ ತುಂಬಿಸಿಕೊಂಡರು. ಅವನ ಹಿಂದೆ ಮಂದೆ ಬಂದು ಅಂಗಳ ತುಂಬಿತು.

ನೆಂಟರೆಲ್ಲ ಹೋದರೂ ರಾದೊವಾನ್ ಹೊಸ್ತಿಲು ಬಿಡಲಿಲ್ಲ.

"ಹುಡುಗನಿಗೆ ಬೇಗ ಏಳೋ ಅಭ್ಯಾಸ ಇಲ್ಲಮ್ಮ," ಎಂದ. "ಒಬ್ಬನೇ ಅಂತ ಮುದ್ದಾಗಿ ಬೆಳೆಸಿದ್ವಿ. ತಪ್ಪು ಮಾಡಿದ್ರೆ ಎಲ್ಲರ ಮುಂದೆ ಬೈಬೇಡಿ."

ಇವೆಲ್ಲ ಮಗಳನ್ನು ಕಳಿಸುವಾಗ ಸಾವ್ಕ ತಾನು ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳು. ಉತ್ತರ ಹೇಳಬೇಕಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಹುಳಿಹಾಲು ತಂದು ಅವನ ಕೈಗಿಟ್ಟಳು.

"ನಮ್ಮನೆ ಮಗನ ಹಾಗೇ ನೋಡ್ಕೋತೀವಿ ಬೀಗರೆ, ಅಳಬೇಡಿ," ಎಂದಳು. "ನೋಡ್ಬೇಕು ಅನ್ಸಿದಾಗ ಬಂದು ಹೋಗಿ. ತುಂಬಾ ದಿನ ಮಾತ್ರ ಉಳ್ಕೋಬೇಡಿ, ನೋಡಿದವರು ಏನಂದಾರು."